ತಲೆ ತಿರುಗಿದ ಕಡೆ ಕ್ಷಿಪಣಿ: ಫೈಟರ್ ಪೈಲಟ್ ಹೆಲ್ಮೆಟ್ ಒಳಗೆ ಏನು ನಡೆಯುತ್ತದೆ?

ಎರಡು ಫೈಟರ್ ವಿಮಾನಗಳು ಹತ್ತಿರದಿಂದ ಕಾದಾಡುವಾಗ ಬಹಳ ವರ್ಷ ಒಂದೇ ಲೆಕ್ಕ ನಡೆಯುತ್ತಿತ್ತು. ವೈರಿ ಎಲ್ಲಿದ್ದಾನೋ ಅತ್ತ ನಿಮ್ಮ ವಿಮಾನದ ಮೂತಿ ತಿರುಗಬೇಕು. ಗನ್ ಮೂತಿಯ ನೇರಕ್ಕೇ ಕೂತಿರುತ್ತದೆ. ಶಾಖ ಹಿಡಿದು ಹೋಗುವ ಕ್ಷಿಪಣಿಗಳೂ ಮೊದಮೊದಲು ಮೂತಿಯ ಮುಂದಿನ ಸಣ್ಣ ಜಾಗವನ್ನಷ್ಟೇ ನೋಡುತ್ತಿದ್ದವು. ಗುರಿ ಇಡಲು ಪೈಲಟ್ ಎದುರಿಗೆ ಒಂದು ಗಾಜು ಇರುತ್ತದೆ, ಹೆಡ್-ಅಪ್ ಡಿಸ್‌ಪ್ಲೇ, ಎಲ್ಲರೂ ಹಡ್ ಅಂತಾರೆ. ಅದು ತೋರಿಸುವುದು ನೇರ ಮುಂದಿನ 20ರಿಂದ 30 ಡಿಗ್ರಿಯಷ್ಟು ಆಕಾಶ, ಅಷ್ಟೇ. ಉಳಿದ ಆಕಾಶದಲ್ಲಿ ವೈರಿ ಕಣ್ಣಿಗೆ ಚೆನ್ನಾಗಿ ಕಾಣುತ್ತಿದ್ದರೂ ಏನೂ ಮಾಡುವ ಹಾಗಿಲ್ಲ.

ಈಗ ಒಂದು ಸಣ್ಣ ಲೆಕ್ಕ ಹಾಕಿ. ವೈರಿ ನಿಮ್ಮ ಎಡಕ್ಕೆ 60 ಡಿಗ್ರಿ ದೂರದಲ್ಲಿದ್ದಾನೆ. ಒಳ್ಳೆಯ ಫೈಟರ್ ಸೆಕೆಂಡಿಗೆ ಸುಮಾರು 20 ಡಿಗ್ರಿ ತಿರುಗುತ್ತದೆ ಅಂದುಕೊಳ್ಳೋಣ. ಮೂತಿ ಅಲ್ಲಿಗೆ ಬರಲು 3 ಸೆಕೆಂಡ್ ಬೇಕು. ಅಷ್ಟರಲ್ಲಿ ವೈರಿ ಸುಮ್ಮನೆ ಕೂತಿರುವುದಿಲ್ಲ, ಅವನೂ ತಿರುಗುತ್ತಿರುತ್ತಾನೆ. ಜೊತೆಗೆ ಹೀಗೆ ಜೋರಾಗಿ ತಿರುಗಿದಷ್ಟೂ ವಿಮಾನದ ವೇಗ ಕರಗುತ್ತದೆ. ವೇಗ ಕಳೆದುಕೊಂಡ ಫೈಟರ್ ಅಂದರೆ ಮುಂದಿನ ಏಟಿಗೆ ತಾನೇ ಸಿಕ್ಕಿಬೀಳುವ ಫೈಟರ್. ಆದರೆ ಮನುಷ್ಯನ ಕುತ್ತಿಗೆ? ಅದೇ 60 ಡಿಗ್ರಿ ತಿರುಗಲು ಸುಮಾರು ಅರ್ಧ ಸೆಕೆಂಡ್ ಸಾಕು.

ಹಾಗಿದ್ದರೆ ವಿಮಾನದ ಬದಲು ತಲೆಯನ್ನೇ ಗುರಿ ಇಡುವ ಸಾಧನ ಮಾಡಿದರೆ ಆಯ್ತಲ್ವಾ? ಹೆಲ್ಮೆಟ್ ಸೈಟ್ ಅನ್ನುವುದರ ಮೂಲ ಯೋಚನೆ ಇಷ್ಟೇ. ಹೇಳಲು ಸುಲಭ, ಮಾಡಲು ಮಾತ್ರ ಹತ್ತಾರು ವರ್ಷ ಹಿಡಿಯಿತು. ಹೆಲ್ಮೆಟ್ ಫೋಟೋ ನೋಡಿದವರೆಲ್ಲ ಗಾಜಿನ ಮೇಲೆ ಮೂಡುವ ಹಸಿರು ಗೆರೆ, ಅಂಕಿಗಳ ಬಗ್ಗೆ ಮಾತಾಡುತ್ತಾರೆ. ನನ್ನ ಪ್ರಕಾರ ಅದು ಎರಡನೆಯ ಮಾತು. ಈ ಹೆಲ್ಮೆಟ್ ಮೊದಲಿಗೆ ಒಂದು ಅಳತೆಯ ಉಪಕರಣ. ಈ ಕ್ಷಣದಲ್ಲಿ ಈ ತಲೆ ಸರಿಯಾಗಿ ಯಾವ ಕಡೆಗೆ ತಿರುಗಿದೆ? ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಗದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಒಂದು ಕ್ಷಿಪಣಿ ಹಾರುವ ಮೊದಲು ನಡೆಯುವುದನ್ನು ನಿಧಾನವಾಗಿ ನೋಡೋಣ. ಪೈಲಟ್ ಎಡಕ್ಕೆ, ಮೇಲಕ್ಕೆ ತಲೆ ತಿರುಗಿಸುತ್ತಾರೆ. ಕಣ್ಣೆದುರಿನ ವೈಸರ್ (ಹೆಲ್ಮೆಟ್ಟಿನ ಮುಂದಿನ ಗಾಜು) ಮೇಲೆ ಒಂದು ಅಡ್ಡಗೆರೆಯ ಗುರುತು ಇದೆ. ಅದನ್ನು ವೈರಿ ವಿಮಾನದ ಮೇಲೆ ತಂದು ಕೈಯಲ್ಲಿರುವ ಸ್ಟಿಕ್ ಮೇಲಿನ ಗುಂಡಿ ಒತ್ತುತ್ತಾರೆ. ತಲೆ ವಿಮಾನದ ಮೂತಿಗಿಂತ ಎಷ್ಟು ಡಿಗ್ರಿ ಎಡಕ್ಕಿದೆ, ಎಷ್ಟು ಡಿಗ್ರಿ ಮೇಲಕ್ಕಿದೆ ಅನ್ನುವ ಎರಡು ಅಂಕಿಗಳು ಕಂಪ್ಯೂಟರಿನಿಂದ ರೆಕ್ಕೆಯಡಿಯ ಕ್ಷಿಪಣಿಗೆ ಹೋಗುತ್ತವೆ. ಕ್ಷಿಪಣಿಯ ತುದಿಯ ಗಾಜಿನ ಗುಮ್ಮಟದೊಳಗೆ ಸೀಕರ್ ಅನ್ನುವ ಒಂದು ಪುಟ್ಟ ಕಣ್ಣಿದೆ, ಎಲ್ಲ ಕಡೆ ತಿರುಗುವಂತೆ ಕೂರಿಸಿದ್ದು. ಕ್ಷಿಪಣಿ ಅಲ್ಲಾಡುವುದಿಲ್ಲ, ಒಳಗಿನ ಕಣ್ಣು ಮಾತ್ರ ಅತ್ತ ಹೊರಳುತ್ತದೆ. ಅಲ್ಲಿ ಎಂಜಿನ್ನಿನ ಶಾಖ ಕಂಡ ಕೂಡಲೇ ಪೈಲಟ್ ಕಿವಿಯಲ್ಲಿ ಒಂದು ಗುರುಗುಟ್ಟುವ ಸದ್ದು. ವೈಸರ್ ಮೇಲೆ ಇನ್ನೊಂದು ಸಣ್ಣ ವೃತ್ತ ಮೂಡುತ್ತದೆ: ಕ್ಷಿಪಣಿಯ ಕಣ್ಣು ಈಗ ನೋಡುತ್ತಿರುವ ಜಾಗ ಇದು. ವೃತ್ತ ವೈರಿಯ ಮೇಲೇ ಕೂತಿದೆ, ಮೋಡದ ಅಂಚಿನ ಮೇಲೋ ಸೂರ್ಯನ ಮೇಲೋ ಅಲ್ಲ ಅಂತ ಖಾತ್ರಿ ಮಾಡಿಕೊಂಡು ಸೀಕರನ್ನು ಬಿಟ್ಟುಬಿಡುತ್ತಾರೆ. ಇನ್ನು ಅದು ಗುರಿಯನ್ನು ತಾನೇ ಹಿಂಬಾಲಿಸುತ್ತದೆ. ಪೈಲಟ್ ಬೇರೆ ಕಡೆ ನೋಡಿದರೂ ಪರವಾಗಿಲ್ಲ. ಟ್ರಿಗರ್ ಒತ್ತಿದರೆ ಕ್ಷಿಪಣಿ ಹೊರಟು, ಅಲ್ಲೇ ತಿರುಗಿ, ಪಕ್ಕಕ್ಕೆ ನುಗ್ಗುತ್ತದೆ.

ಇಲ್ಲಿ ಬಹಳ ಜನ ಒಂದು ವಿಷಯ ತಪ್ಪು ತಿಳಿದಿರುತ್ತಾರೆ. ಇಂದು ಬಳಕೆಯಲ್ಲಿರುವ ಹೆಲ್ಮೆಟ್‌ಗಳು ಗುರಿ ಇಡಲು ಅಳೆಯುವುದು ತಲೆಯನ್ನು, ಕಣ್ಣನ್ನಲ್ಲ. ಕಣ್ಣು ಸುಮ್ಮನೆ ನಿಲ್ಲುವ ಅಂಗವೇ ಅಲ್ಲ. ನಮಗೆ ಗೊತ್ತೇ ಆಗದ ಹಾಗೆ ಒಂದು ಸೆಕೆಂಡಿನಲ್ಲಿ ಹಲವು ಸಲ ಅತ್ತಿತ್ತ ಜಿಗಿಯುತ್ತದೆ. ಅದನ್ನೇ ನಂಬಿ ಕ್ಷಿಪಣಿ ತಿರುಗಿಸಿದರೆ ಸೀಕರ್ ಕೂಡ ಹುಚ್ಚೆದ್ದು ಕುಣಿಯಬೇಕಾಗುತ್ತದೆ. ತಲೆ ಹಾಗಲ್ಲ, ನಾವು ಬೇಕೆಂದು ತಿರುಗಿಸಿದಾಗ ತಿರುಗುತ್ತದೆ. ವೈಸರಿನ ಗುರುತು ಹೆಲ್ಮೆಟ್ ಜೊತೆಗೇ ಇರುತ್ತದೆ. ಪೈಲಟ್ ಮಾಡಬೇಕಾದ್ದು ತಲೆ ಆಡಿಸಿ ಆ ಗುರುತನ್ನು ಗುರಿಯ ಮೇಲೆ ಕೂರಿಸುವುದು.

ಸರಿ, ತಲೆಯನ್ನು ಅಳೆಯುವುದು ಹೇಗೆ? ಮೊದಲ ಉಪಾಯ ತೀರಾ ನೇರವಾಗಿತ್ತು. 1970ರ ದಶಕದ ಕೋಬ್ರಾ ಹೆಲಿಕಾಪ್ಟರಿನಲ್ಲಿ ಹೆಲ್ಮೆಟ್‌ಗೆ ಒಂದು ಲೋಹದ ತೋಳನ್ನೇ ಸಿಕ್ಕಿಸುತ್ತಿದ್ದರು. ತಲೆ ತಿರುಗಿದಾಗ ತೋಳು ತಿರುಗುತ್ತದೆ, ಅದರ ಕೀಲುಗಳು ಎಷ್ಟು ಬಾಗಿದವು ಅಂತ ಅಳೆದರೆ ಆಯ್ತು. ಫೈಟರ್‌ಗೆ ಇದು ಆಗುವುದಿಲ್ಲ. ತುರ್ತಿನಲ್ಲಿ ಸೀಟ್ ಸಮೇತ ಹೊರಗೆ ಹಾರಬೇಕಾದವರ ತಲೆಗೆ ಕಬ್ಬಿಣ ಕಟ್ಟಿಡಲು ಸಾಧ್ಯವೇ?

ಆಮೇಲೆ ಬಂದದ್ದು ಕಾಂತಕ್ಷೇತ್ರದ ಉಪಾಯ. ಕಾಕ್‌ಪಿಟ್ಟಿನಲ್ಲಿ, ಪೈಲಟ್ ತಲೆಯ ಹತ್ತಿರ, ಮೂರು ದಿಕ್ಕಿಗೆ ಸುತ್ತಿದ ಮೂರು ತಂತಿ ಸುರುಳಿಗಳಿರುವ ಒಂದು ಪುಟ್ಟ ಪೆಟ್ಟಿಗೆ. ಅದು ಸುತ್ತ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಹೆಲ್ಮೆಟ್ ಒಳಗೂ ಅಂಥದೇ ಮೂರು ಸುರುಳಿಗಳು. ಯಾವ ಸುರುಳಿಗೆ ಎಷ್ಟು ಸಂಕೇತ ಬಂತು ಅನ್ನುವುದರಿಂದ ತಲೆ ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ ಎಂದು ಲೆಕ್ಕ ಹಾಕಬಹುದು. ಭಾರ ಕಡಿಮೆ, ಏನೂ ಅಡ್ಡ ಬರುವುದಿಲ್ಲ. ತೊಂದರೆ ಏನೆಂದರೆ ಕಾಕ್‌ಪಿಟ್ ತುಂಬ ಲೋಹ. ಸೀಟಿನ ಚೌಕಟ್ಟು, ಕ್ಯಾನೊಪಿಯ (ತಲೆಯ ಮೇಲಿನ ಪಾರದರ್ಶಕ ಮುಚ್ಚಳದ) ಅಂಚು ಎಲ್ಲವೂ ಕಾಂತಕ್ಷೇತ್ರವನ್ನು ತಿರುಚುತ್ತವೆ. ಹಾಗಾಗಿ ಕಾಕ್‌ಪಿಟ್ಟಿನೊಳಗೆ ಇಂಚು ಇಂಚಿಗೂ ಕ್ಷೇತ್ರ ಎಷ್ಟು ತಿರುಚಿದೆ ಎಂದು ಮೊದಲೇ ಅಳೆದು, ಆ ನಕ್ಷೆಯನ್ನು ಕಂಪ್ಯೂಟರಿಗೆ ತುಂಬಬೇಕು. ಅಮೆರಿಕದ ಎಫ್-15, ಎಫ್-16, ಎಫ್/ಎ-18ಗಳಲ್ಲಿ ಬಳಸುವ ಜೆಎಚ್‌ಎಂಸಿಎಸ್ ಹೆಲ್ಮೆಟ್ ಈ ಜಾತಿಯದು.

ಇನ್ನೊಂದು ದಾರಿ ಬೆಳಕು. ಹೆಲ್ಮೆಟ್ ಮೇಲೆ ಸಣ್ಣ ಸಣ್ಣ ಎಲ್‌ಇಡಿಗಳು, ಕಾಕ್‌ಪಿಟ್ಟಿನಲ್ಲಿ ಅವನ್ನು ನೋಡುವ ಕ್ಯಾಮೆರಾಗಳು. ಯುರೋಫೈಟರ್ ಟೈಫೂನಿನ ಹೆಲ್ಮೆಟ್ ಮೇಲೆ ಗುಬುಟು ಗುಬುಟಾಗಿ ಕಾಣುವುದು ಇವೇ. ಈಚೆಗೆ ಇವುಗಳ ಜೊತೆ ಫೋನಿನಲ್ಲಿರುವಂಥ ಚಲನೆಯ ಸೆನ್ಸರ್ ಕೂಡ ಸೇರಿಸುತ್ತಾರೆ. ಅದು ಬಹಳ ಚುರುಕು, ಆದರೆ ಹೊತ್ತು ಕಳೆದಂತೆ ಲೆಕ್ಕ ಸ್ವಲ್ಪ ಸ್ವಲ್ಪ ಜಾರುತ್ತದೆ. ಕ್ಯಾಮೆರಾ ಅಥವಾ ಕಾಂತಕ್ಷೇತ್ರ ಅದನ್ನು ಆಗಾಗ ಸರಿಪಡಿಸುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಇಷ್ಟಾದರೂ ಹಾರುವ ಮೊದಲು ಪೈಲಟ್ ಒಂದು ಕೆಲಸ ಮಾಡಲೇಬೇಕು. ಹೆಲ್ಮೆಟ್ಟಿನ ಗುರುತನ್ನು ಕಾಕ್‌ಪಿಟ್ಟಿನ ಒಂದು ನಿಗದಿತ ಗುರುತಿನ ಜೊತೆ ಕೂಡಿಸಿ, ಗುಂಡಿ ಒತ್ತಿ, ನೇರ ಅಂದರೆ ಇದು ಎಂದು ಕಂಪ್ಯೂಟರಿಗೆ ಹೇಳಬೇಕು. ಹೆಲ್ಮೆಟ್ ತಲೆಯ ಮೇಲೆ ಚೂರು ಜರುಗಿ ಕೂತರೂ ಲೆಕ್ಕ ತಪ್ಪುತ್ತದೆ. ಅದಕ್ಕೇ ಒಳಗಿನ ಮೆತ್ತೆಯನ್ನು ಆಯಾ ಪೈಲಟ್ ತಲೆಯ ಅಳತೆಗೆ ಮಾಡುತ್ತಾರೆ. ಎಫ್-35ರ ಹೆಲ್ಮೆಟ್‌ಗಂತೂ ತಲೆಯನ್ನು ಲೇಸರಿನಿಂದ ಸ್ಕ್ಯಾನ್ ಮಾಡಿ, ಎರಡು ಕಣ್ಣಿನ ನಡುವಿನ ದೂರವನ್ನೂ ಅಳೆದು ಹೊಂದಿಸುತ್ತಾರೆ. ಒಬ್ಬರದನ್ನು ಇನ್ನೊಬ್ಬರು ಹಾಕಿಕೊಳ್ಳುವ ಹಾಗಿಲ್ಲ.

ವಿಳಂಬದ ಕಾಟ ಇನ್ನೂ ಸೂಕ್ಷ್ಮ. ಪೈಲಟ್ ತಲೆಯನ್ನು ಸೆಕೆಂಡಿಗೆ 100 ಡಿಗ್ರಿ ವೇಗದಲ್ಲಿ ತಿರುಗಿಸಿದರು ಅನ್ನಿ. ಅಳತೆ ಮಾಡಿ, ಲೆಕ್ಕ ಹಾಕಿ, ಚಿತ್ರ ಮೂಡಿಸುವುದಕ್ಕೆ 50 ಮಿಲಿಸೆಕೆಂಡ್ ತಡವಾದರೆ ಅಷ್ಟರಲ್ಲಿ ತಲೆ 5 ಡಿಗ್ರಿ ಮುಂದೆ ಹೋಗಿಬಿಟ್ಟಿರುತ್ತದೆ. ಹುಣ್ಣಿಮೆಯ ಚಂದ್ರ ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ. ಅಂದರೆ ಗುರಿಯ ಸುತ್ತ ಬರೆಯಬೇಕಾದ ಚೌಕ ಹತ್ತು ಚಂದ್ರರಷ್ಟು ಆಚೆ ಬೀಳುತ್ತದೆ. ತಲೆ ನಿಂತ ಮೇಲೆ ಚೌಕ ತೇಲಿಕೊಂಡು ಬಂದು ಜಾಗಕ್ಕೆ ಸೇರುತ್ತದೆ. ನೋಡುವವರಿಗೆ ತಲೆಸುತ್ತು ಬರುವುದು ಇದರಿಂದಲೇ. ಸಾಲದ್ದಕ್ಕೆ ಕ್ಯಾನೊಪಿಯ ಬಾಗಿದ ಗಾಜು ಬೆಳಕನ್ನು ಬಗ್ಗಿಸುತ್ತದೆ, ಹಾಗಾಗಿ ವೈರಿ ಕಾಣುವ ಜಾಗವೂ ಇರುವ ಜಾಗವೂ ಸ್ವಲ್ಪ ಬೇರೆ. ಅದಕ್ಕೂ ತಿದ್ದುಪಡಿ ಬೇಕು.

ಕ್ಷಿಪಣಿಗೆ ಅರ್ಧ ಡಿಗ್ರಿ ತಪ್ಪು ನಡೆಯುತ್ತದೆ, ಯಾಕೆಂದರೆ ಅದರ ಸೀಕರ್ ಒಂದೇ ನೋಟಕ್ಕೆ ಕೆಲವು ಡಿಗ್ರಿ ಜಾಗ ನೋಡುತ್ತದೆ, ಉಳಿದದ್ದನ್ನು ತಾನೇ ಹುಡುಕಿಕೊಳ್ಳುತ್ತದೆ. ಆದರೆ ಗನ್‌ಗೆ ನಡೆಯುವುದಿಲ್ಲ. 500 ಮೀಟರ್ ದೂರದಲ್ಲಿ ಅರ್ಧ ಡಿಗ್ರಿ ಅಂದರೆ 4 ಮೀಟರ್‌ಗಿಂತ ಜಾಸ್ತಿ, ಗುಂಡು ವಿಮಾನದ ಪಕ್ಕದಿಂದ ಹೋಗುತ್ತದೆ. ಅದಕ್ಕೇ ಗನ್ ಗುರಿಗೆ ಹಡ್ ಬಿಟ್ಟುಕೊಡಲು ಪೈಲಟ್‌ಗಳು ಸುಲಭಕ್ಕೆ ಒಪ್ಪುವುದಿಲ್ಲ.

ಇನ್ನು ತೋರಿಸುವ ಕೆಲಸ. ವೈಸರ್ ಮುಖದಿಂದ ಕೆಲವೇ ಸೆಂಟಿಮೀಟರ್ ದೂರ, ಅಲ್ಲಿ ಬರೆದ ಅಕ್ಷರ ನಮ್ಮ ಕಣ್ಣಿಗೆ ಮಸುಕಾಗಿ ಕಾಣಬೇಕು. ಕಾಣುವುದಿಲ್ಲ, ಯಾಕೆಂದರೆ ಮಸೂರಗಳು ಮತ್ತು ವೈಸರಿನ ಬಾಗು ಸೇರಿ ಆ ಬೆಳಕನ್ನು ಬಹಳ ದೂರದಿಂದ ಬಂದಂತೆ ಮಾಡುತ್ತವೆ. ಗೆರೆಗಳು ಆಕಾಶದಲ್ಲೇ, ವೈರಿ ಇರುವಷ್ಟೇ ದೂರದಲ್ಲಿ ತೇಲುತ್ತಿರುವ ಹಾಗೆ ಕಾಣುತ್ತವೆ. ಇದರಿಂದ ಇನ್ನೊಂದು ಲಾಭವಿದೆ. ಏನೂ ಇಲ್ಲದ ಖಾಲಿ ಆಕಾಶ ನೋಡುವಾಗ ಕಣ್ಣು ತನಗೇ ಗೊತ್ತಿಲ್ಲದೆ ಹತ್ತಿರಕ್ಕೆ ಫೋಕಸ್ ಆಗಿಬಿಡುತ್ತದೆ, ದೂರದ ಚುಕ್ಕೆ ತಪ್ಪಿಹೋಗುತ್ತದೆ. ದೂರದಲ್ಲಿ ತೇಲುವ ಒಂದು ಗುರುತಿದ್ದರೆ ಕಣ್ಣು ದೂರಕ್ಕೇ ನಿಲ್ಲುತ್ತದೆ.

ಇತಿಹಾಸಕ್ಕೆ ಬಂದರೆ, ಇದು ಹೊಸದೇನಲ್ಲ. ಅಮೆರಿಕದ ನೌಕಾಪಡೆ 1970ರ ದಶಕದ ಆರಂಭದಲ್ಲೇ ತನ್ನ ಎಫ್-4 ಫ್ಯಾಂಟಮ್‌ಗಳಿಗೆ ವಿಟಾಸ್ ಅನ್ನುವ ಹೆಲ್ಮೆಟ್ ಸೈಟ್ ಹಾಕಿತ್ತು. ಅಂದಿನ ಸೈಡ್‌ವಿಂಡರ್ ಕ್ಷಿಪಣಿಯ ಕಣ್ಣು ಅಷ್ಟೊಂದು ಪಕ್ಕಕ್ಕೆ ಹೊರಳುತ್ತಿರಲಿಲ್ಲ, ಹೊರಳಿದರೂ ಕ್ಷಿಪಣಿಗೆ ಅಷ್ಟು ಬೇಗ ತಿರುಗುವ ಶಕ್ತಿ ಇರಲಿಲ್ಲ. ಹೆಲ್ಮೆಟ್‌ಗೆ ತಕ್ಕಂತೆ ಅಜೈಲ್ ಅನ್ನುವ ಹೊಸ ಕ್ಷಿಪಣಿ ಮಾಡಲು ಹೊರಟರು, ಅದನ್ನು 1975ರಲ್ಲಿ ಕೈಬಿಟ್ಟರು. ಜೋಡಿಯ ಒಂದು ಭಾಗ ಹೋದ ಮೇಲೆ ಇನ್ನೊಂದೂ ಮೂಲೆ ಸೇರಿತು. ಅದೇ ದಶಕದಲ್ಲಿ ದಕ್ಷಿಣ ಆಫ್ರಿಕಾ ತನ್ನ ಮಿರಾಜ್ ಎಫ್1ಗಳಲ್ಲಿ ಹೆಲ್ಮೆಟ್ ಸೈಟನ್ನು ತನ್ನದೇ ಕ್ಷಿಪಣಿಯೊಂದಿಗೆ ಬಳಕೆಗೆ ತಂದಿತು.

ನಿಜವಾದ ಆಟ ಬದಲಾದದ್ದು ಸೋವಿಯತ್ ಒಕ್ಕೂಟದಿಂದ. 1980ರ ದಶಕದಲ್ಲಿ ಮಿಗ್-29, ಸು-27 ಬಂದಾಗ ಜೊತೆಗೆ ಶೆಲ್ ಹೆಲ್ಮೆಟ್ ಸೈಟ್ ಮತ್ತು ಆರ್-73 ಕ್ಷಿಪಣಿ ಬಂದವು. ಆ ಹೆಲ್ಮೆಟ್ ನೋಡಿದರೆ ನಗಬೇಕು ಅನ್ನಿಸುವಷ್ಟು ಸರಳ: ಒಂದು ಕಣ್ಣಿನ ಮುಂದೆ ಸಣ್ಣ ಗಾಜು, ಅದರಲ್ಲಿ ಗುರಿಯ ಗುರುತು, ಬೇರೇನೂ ಇಲ್ಲ. ವೇಗ, ಎತ್ತರದ ಅಂಕಿಗಳೂ ಇಲ್ಲ. ಆದರೆ ಆರ್-73ರ ಸೀಕರ್ ಮೂತಿಯಿಂದ 45 ಡಿಗ್ರಿ ಪಕ್ಕದ ಗುರಿಯನ್ನೂ ಹಿಡಿಯುತ್ತಿತ್ತು. ಕ್ಷಿಪಣಿಯ ಹಿಂದೆ, ಎಂಜಿನ್ ಬೆಂಕಿಯನ್ನೇ ಪಕ್ಕಕ್ಕೆ ತಿರುಗಿಸುವ ರೆಕ್ಕೆಗಳಿದ್ದವು, ಹಾಗಾಗಿ ಹೊರಟ ಕೂಡಲೇ ಗಕ್ಕನೆ ತಿರುಗುತ್ತಿತ್ತು. 1990ರಲ್ಲಿ ಜರ್ಮನಿ ಒಂದಾದಾಗ ಪೂರ್ವ ಜರ್ಮನಿಯ 24 ಮಿಗ್-29ಗಳು ಒಂದಾದ ದೇಶದ ವಾಯುಪಡೆಗೆ ಸಿಕ್ಕವು. ಪಶ್ಚಿಮದ ಪೈಲಟ್‌ಗಳು ಅವುಗಳ ಜೊತೆ ಅಣಕು ಕಾಳಗ ಆಡಿ ನೋಡಿದರು. ಹತ್ತಿರದ ಕಾದಾಟದಲ್ಲಿ ತಾವಿನ್ನೂ ಮೂತಿ ತಿರುಗಿಸುವ ಪ್ರಯತ್ನದಲ್ಲಿರುವಾಗಲೇ ಮಿಗ್‌ನವರು ತಲೆ ತಿರುಗಿಸಿ ಕ್ಷಿಪಣಿ ಬಿಟ್ಟಾಗಿರುತ್ತಿತ್ತು. ವಿಮಾನ ಎಷ್ಟೇ ಚೆನ್ನಾಗಿದ್ದರೂ ಈ ಜೋಡಿಯ ಮುಂದೆ ಕಷ್ಟ ಅನ್ನುವುದು ಆಗ ಎಲ್ಲರಿಗೂ ಅರ್ಥವಾಯಿತು.

ಆಮೇಲೆ ಓಟ ಶುರು. ಇಸ್ರೇಲ್ ಪೈಥಾನ್-4 ಕ್ಷಿಪಣಿ ಮತ್ತು ಎಲ್ಬಿಟ್ ಕಂಪನಿಯ ಡ್ಯಾಶ್ ಹೆಲ್ಮೆಟ್ ತಂದಿತು. ಅಮೆರಿಕದಲ್ಲಿ 2000ದ ದಶಕದ ಆರಂಭದಲ್ಲಿ ಜೆಎಚ್‌ಎಂಸಿಎಸ್ ಹೆಲ್ಮೆಟ್ ಮತ್ತು ಎಐಎಂ-9ಎಕ್ಸ್ ಕ್ಷಿಪಣಿ ಬಂದವು. ಎಐಎಂ-9ಎಕ್ಸ್, ಬ್ರಿಟನ್ನಿನ ಅಸ್ರಾಮ್, ಯುರೋಪಿನ ಐರಿಸ್-ಟಿ, ಪೈಥಾನ್-5 ಇವೆಲ್ಲ 90 ಡಿಗ್ರಿಯಷ್ಟು ಪಕ್ಕಕ್ಕೆ ನೋಡಬಲ್ಲವು. ತೇಜಸ್ ಪೈಲಟ್‌ಗಳ ತಲೆಯ ಮೇಲಿರುವುದು ಡ್ಯಾಶ್, ಭಾರತದ ರಫೇಲ್‌ಗಳದ್ದು ಟಾರ್ಗೊ, ಎರಡೂ ಎಲ್ಬಿಟ್‌ನವು. ಆದರೆ 2005ರಲ್ಲಿ ಸೇವೆಗೆ ಬಂದ ಎಫ್-22, ಅಷ್ಟು ದುಬಾರಿಯಾಗಿದ್ದರೂ, ಹೆಲ್ಮೆಟ್ ಸೈಟ್ ಇಲ್ಲದೆಯೇ ಬಂತು. ವೈರಿಗೆ ಕಾಣದೆ ದೂರದಿಂದಲೇ ಮುಗಿಸುವುದು ಅದರ ದಾರಿ.

ಕ್ಷಿಪಣಿ ಮಾತು ಜಾಸ್ತಿಯಾಯಿತು. ದಿನದಿನದ ಹಾರಾಟದಲ್ಲಿ ಹೆಲ್ಮೆಟ್‌ನ ದೊಡ್ಡ ಉಪಕಾರ ಇದರ ಉಲ್ಟಾ ಕೆಲಸ ಅಂತ ನನಗನ್ನಿಸುತ್ತದೆ. ಪೈಲಟ್ ಕ್ಷಿಪಣಿಗೆ ಎಲ್ಲಿ ನೋಡಬೇಕು ಅಂತ ಹೇಳುವುದಷ್ಟೇ ಅಲ್ಲ, ವಿಮಾನವೂ ಪೈಲಟ್‌ಗೆ ಎಲ್ಲಿ ನೋಡಬೇಕು ಅಂತ ಹೇಳುತ್ತದೆ. 15 ಮೀಟರ್ ಉದ್ದದ ವಿಮಾನ 10 ಕಿಲೋಮೀಟರ್ ದೂರದಲ್ಲಿ ಚಂದ್ರನ ಅಗಲದ ಆರನೇ ಒಂದು ಪಾಲಿನಷ್ಟು ಕಾಣುತ್ತದೆ. ಅದೂ ಪೂರ್ತಿ ಪಕ್ಕಕ್ಕೆ ತಿರುಗಿದ್ದರೆ. ನೇರ ಎದುರಿಗೆ ಬರುತ್ತಿದ್ದರೆ ಇನ್ನೂ ಚಿಕ್ಕದು. ಅಷ್ಟು ದೊಡ್ಡ ಆಕಾಶದಲ್ಲಿ ಆ ಚುಕ್ಕೆ ಹುಡುಕುವುದೇ ಅರ್ಧ ಯುದ್ಧ. ರಾಡಾರ್‌ಗೆ ಅದು ಸಿಕ್ಕಿದ್ದರೆ ವೈಸರ್ ಮೇಲೆ ಒಂದು ಗೆರೆ ಬಂದು ಈ ಕಡೆ ತಿರುಗು ಅನ್ನುತ್ತದೆ. ತಿರುಗಿದರೆ ಆಕಾಶದ ಆ ಜಾಗದ ಸುತ್ತ ಚೌಕ ಇರುತ್ತದೆ. ಜೊತೆಗಾರ ವಿಮಾನ ನೋಡಿದ ಗುರಿಯೂ ಡೇಟಾ ಲಿಂಕ್ ಮೂಲಕ ಹಾಗೇ ಕಾಣಬಹುದು. ನೆಲದ ಮೇಲಿನ ಜಾಗಕ್ಕೂ ಇದೇ ರೀತಿ: ನೋಡಿ, ಗುಂಡಿ ಒತ್ತಿದರೆ ಗುರಿ ಹುಡುಕುವ ಕ್ಯಾಮೆರಾ ಅತ್ತ ತಿರುಗುತ್ತದೆ.

ಅಪಾಚೆ ಹೆಲಿಕಾಪ್ಟರಿನವರು 1980ರ ದಶಕದಿಂದಲೇ ಹೀಗೆ ಬದುಕುತ್ತಿದ್ದಾರೆ. ಮೂತಿಯಡಿಯ 30 ಮಿಲಿಮೀಟರ್ ಗನ್ ತಲೆ ತಿರುಗಿದತ್ತ ತಿರುಗುತ್ತದೆ. ರಾತ್ರಿ, ಮೂತಿಯ ಮೇಲಿನ ಶಾಖದ ಕ್ಯಾಮೆರಾದ ಚಿತ್ರ ಬಲಗಣ್ಣಿನ ಮುಂದಿನ ಪುಟ್ಟ ಗಾಜಿನಲ್ಲಿ ಬರುತ್ತದೆ. ಎಡಗಣ್ಣಿಗೆ ಕತ್ತಲೆಯ ಹೊರಗಿನ ಲೋಕ, ಬಲಗಣ್ಣಿಗೆ ತನ್ನ ಜಾಗಕ್ಕಿಂತ ಮುಂದೆ ಮತ್ತು ಕೆಳಗೆ ಇರುವ ಕ್ಯಾಮೆರಾದ ಲೋಕ. ಎರಡು ಕಣ್ಣು ಬೇರೆ ಬೇರೆ ನೋಡುವಾಗ ಮೆದುಳು ಒಂದನ್ನು ಆರಿಸಿಕೊಳ್ಳಲು ಒದ್ದಾಡುತ್ತದೆ. ಇದನ್ನು ಒಗ್ಗಿಸಿಕೊಂಡು ರಾತ್ರಿ ಮರದ ತುದಿಯ ಎತ್ತರದಲ್ಲಿ ಹಾರುವವರ ಬಗ್ಗೆ ನನಗೆ ದೊಡ್ಡ ಗೌರವವಿದೆ.

ಇಷ್ಟಕ್ಕೆಲ್ಲ ಬೆಲೆ ತೆರುವುದು ಕುತ್ತಿಗೆ. ತಲೆ ಸುಮಾರು 5 ಕೆಜಿ, ಡಿಸ್‌ಪ್ಲೇ ಸೇರಿದ ಹೆಲ್ಮೆಟ್ ಸುಮಾರು 2 ಕೆಜಿ. ಜೋರಾದ ತಿರುವಿನಲ್ಲಿ 9 ಜಿ, ಅಂದರೆ ಗುರುತ್ವದ ಒಂಬತ್ತು ಪಟ್ಟು ಭಾರ, ಬಿದ್ದಾಗ ಈ 7 ಕೆಜಿ 63 ಕೆಜಿ ಆಗುತ್ತದೆ, ಅದೂ ಪೈಲಟ್ ಹಿಂದಕ್ಕೆ ತಿರುಗಿ ನೋಡುತ್ತಿರುವಾಗ. ಡಿಸ್‌ಪ್ಲೇ ಮುಂಭಾಗಕ್ಕೆ ಕೂರುವುದರಿಂದ ತೂಕ ತಲೆಯನ್ನು ಮುಂದಕ್ಕೆ ಎಳೆಯುತ್ತದೆ ಬೇರೆ. ಜಿ ಬೀಳುವ ಮೊದಲೇ ತಲೆಯನ್ನು ಬೇಕಾದ ಕಡೆ ತಿರುಗಿಸಿ ಸೀಟಿಗೆ ಒರಗಿಸಿಟ್ಟುಕೊಳ್ಳುವುದನ್ನು ಪೈಲಟ್‌ಗಳು ಕಲಿಯುತ್ತಾರೆ. ಜೆಎಚ್‌ಎಂಸಿಎಸ್ ಮಾಡಿದವರು ಇದಕ್ಕೊಂದು ಚಂದದ ಪರಿಹಾರ ಕೊಟ್ಟಿದ್ದಾರೆ: ಮಾಮೂಲಿ ಗುರುತಿನ ಜೊತೆಗೆ ವೈಸರಿನ ಮೇಲ್ಭಾಗದಲ್ಲಿ ಇನ್ನೊಂದು ಗುರುತಿನ ವ್ಯವಸ್ಥೆ. ತಲೆ ಎತ್ತಲಾಗದಿದ್ದರೆ ಕಣ್ಣಷ್ಟೇ ಮೇಲೆತ್ತಿ ಅದರಿಂದ ಗುರಿ ಇಡಬಹುದು.

ಸೀಟ್ ಸಮೇತ ಹೊರಗೆ ಹಾರುವಾಗ ಅಪಾಯ ಇನ್ನೂ ಜಾಸ್ತಿ. 2015ರಲ್ಲಿ ಅಮೆರಿಕ 136 ಪೌಂಡ್, ಅಂದರೆ ಸುಮಾರು 62 ಕೆಜಿಗಿಂತ ಹಗುರವಾದ ಪೈಲಟ್‌ಗಳು ಎಫ್-35 ಹಾರಿಸಬಾರದು ಎಂದು ತಡೆ ಹಾಕಿತ್ತು, ಕುತ್ತಿಗೆಗೆ ಪೆಟ್ಟಾಗುವ ಭಯದಿಂದ. ಹೆಲ್ಮೆಟ್ ಹಗುರ ಮಾಡಿ, ಪ್ಯಾರಾಚೂಟಿನ ಬಳಿ ತಲೆಗೆ ಆಧಾರದ ಪಟ್ಟಿ ಸೇರಿಸಿ, ಹಗುರ ಪೈಲಟ್‌ಗಳಿಗೆ ಪ್ಯಾರಾಚೂಟ್ ತುಸು ತಡವಾಗಿ ಬಿಚ್ಚುವ ಸ್ವಿಚ್ ಕೊಟ್ಟ ಮೇಲೆ 2017ರಲ್ಲಿ ತಡೆ ತೆಗೆದರು.

ಎಫ್-35ರಲ್ಲಿ ಹಡ್ ಇಲ್ಲವೇ ಇಲ್ಲ, ಎಲ್ಲವೂ ಹೆಲ್ಮೆಟ್ಟೇ. ಬೆಲೆ ಸುಮಾರು 4 ಲಕ್ಷ ಡಾಲರ್. ವಿಮಾನದ ಮೈಮೇಲಿನ ಆರು ಇನ್‌ಫ್ರಾರೆಡ್ ಕ್ಯಾಮೆರಾಗಳ ಚಿತ್ರ ಕೂಡಿಸಿ ತೋರಿಸುವುದರಿಂದ ಕೆಳಗೆ ನೋಡಿದರೆ ಕಾಲಡಿಯ ವಿಮಾನ ದಾಟಿ ನೆಲ ಕಾಣುತ್ತದೆ. ಆರಂಭದಲ್ಲಿ ಚಿತ್ರ ಅದುರುತ್ತಿತ್ತು, ತಡವಾಗಿ ಬರುತ್ತಿತ್ತು. ಇನ್ನೊಂದು ತೊಂದರೆ ನಿಜವಾಗಿ ಅಪಾಯಕಾರಿ: ಪರದೆಯ ಹಿಂದಿನ ಬೆಳಕು ಸೋರಿ, ಕಪ್ಪಾಗಿರಬೇಕಾದ ಜಾಗವೂ ಮಂದ ಹಸಿರಾಗಿ ಹೊಳೆಯುತ್ತಿತ್ತು. ಚಂದ್ರನಿಲ್ಲದ ರಾತ್ರಿ, ಸಮುದ್ರದ ಮಧ್ಯೆ, ಹಡಗಿನ ಮೇಲೆ ಇಳಿಯುವಾಗ ಹಡಗಿನ ಸಣ್ಣ ದೀಪಗಳನ್ನು ಆ ಹಸಿರು ನುಂಗುತ್ತಿತ್ತು. ಉರಿಯದ ಚುಕ್ಕೆ ಪೂರ್ತಿ ಕತ್ತಲಾಗಿಯೇ ಉಳಿಯುವ ಓಎಲ್‌ಇಡಿ ಪರದೆ ಹಾಕಿ ಇದನ್ನು ಸರಿಪಡಿಸುತ್ತಾ ಬಂದರು.

ಈ ನಡುವೆ ಕ್ಷಿಪಣಿಗಳೂ ಸುಮ್ನೆ ಕೂತಿಲ್ಲ. 2009ರಲ್ಲಿ ಆಸ್ಟ್ರೇಲಿಯಾದ ಎಫ್/ಎ-18 ಒಂದು ಅಸ್ರಾಮ್ ಕ್ಷಿಪಣಿಯನ್ನು ತನ್ನ ರೆಕ್ಕೆಯ ಗೆರೆಗಿಂತ ಹಿಂದಿದ್ದ ಗುರಿಗೆ ಬಿಟ್ಟಿತು. ಬಿಡುವಾಗ ಸೀಕರ್ ಗುರಿಯನ್ನು ಇನ್ನೂ ಹಿಡಿದಿರಲೇ ಇಲ್ಲ, ತಿರುಗಿದ ಮೇಲೆ ಹುಡುಕಿಕೊಂಡಿತು. ಇಂಥ ಕ್ಷಿಪಣಿಗೆ ಬೇಕಾದ್ದು ಗುರಿ ಎಲ್ಲಿದೆ ಅನ್ನುವ ಮಾಹಿತಿ ಮಾತ್ರ. ಅದನ್ನು ಹೆಲ್ಮೆಟ್ ಕೊಡಬಹುದು, ವಿಮಾನದ ಕ್ಯಾಮೆರಾ ಕೊಡಬಹುದು, ಜೊತೆಗಾರ ವಿಮಾನವೂ ಕೊಡಬಹುದು. ಆಗ ತಲೆಯಿಂದ ಗುರಿ ಇಡುವ ಕೆಲಸ ನಿಧಾನವಾಗಿ ಕಡಿಮೆಯಾಗಿ, ಸುತ್ತಲಿನ ಆಕಾಶದಲ್ಲಿ ಏನೇನಿದೆ ಎಂದು ಪೈಲಟ್‌ಗೆ ತೋರಿಸುವ ಕೆಲಸವೇ ಹೆಲ್ಮೆಟ್ಟಿಗೆ ಜಾಸ್ತಿ ಉಳಿಯುತ್ತದೆ.